ಮಾಲು ಒಬ್ಬರದು, ಊರು ಒಬ್ಬರದು

ಕಾಲುವೆ ಕೆಲಸ ಜೋರಾಗಿದ್ದ ವರ್ಷಗಳಲ್ಲಿ ಮಲ್ಲಾಬಾಯಿ ಭೀಮರಾಯನಗುಡಿ ಕ್ಯಾಂಪಿನ ಹೊರಗೆ ಈಚಲ ಮರದ ಸೇಂದಿ ಮಾರುತ್ತಿದ್ದಳು. ಮರಗಳು ಅಲ್ಲೇ ಶಹಾಪುರದ ಹಳ್ಳದ ದಂಡೆಯವು. ಬಾಟಲಿಗೆ ಒಂದು ರೂಪಾಯಿ. ಕ್ಯಾಂಪಿನ ಗುಮಾಸ್ತ ಮಹಾದೇವಪ್ಪ ದಿನಾ ಕುಡಿದು ದಿನಾ ಮೂಗು ಮುರಿಯುತ್ತಿದ್ದ.

"ಸೇಂದಿ ಅಂದ್ರ ಗುರುಮಠಕಲ್ದು. ಆ ಮಣ್ಣಿನ ಗುಣಾನೇ ಬ್ಯಾರೆ. ಇದು ಹಳ್ಳದ ನೀರು."

ಕೇಳಿ ಕೇಳಿ ಸಾಕಾಗಿ ಅವಳು ಅದೇ ಮರದ ಸೇಂದಿಯನ್ನು ಹೊಸ ಗಡಿಗೆಗೆ ಸುರಿದು, ಮೇಲೆ ಸುಣ್ಣದಲ್ಲಿ 'ಗುರುಮಠಕಲ್' ಎಂದು ಬರೆಸಿದಳು. ದರ ಎರಡು ರೂಪಾಯಿ. ಮಹಾದೇವಪ್ಪ ಒಂದು ಗುಟುಕು ಎಳೆದು ಕಣ್ಣು ಮುಚ್ಚಿದ.

"ಇದಕ್ಕ ಅಂತಾರ ನೋಡ್ರಿ ಸೇಂದಿ! ಮಣ್ಣು ಮಾತಾಡಾಕತ್ತೈತಿ."

ಮಣ್ಣು ಮಾತಾಡಿತೋ ಇಲ್ಲವೋ, ಇಡೀ ಕ್ಯಾಂಪು ಮಾತಾಡಿತು. ತಿಂಗಳೊಳಗೆ ಒಂದು ರೂಪಾಯಿಯ ಗಡಿಗೆಯನ್ನು ಕೇಳುವವರೇ ಇಲ್ಲವಾದರು.

ಸುದ್ದಿ ಗುರುಮಠಕಲ್ ಮುಟ್ಟಿತು. ಅಲ್ಲಿ ಈಚಲ ಮರ ಏರುವ ಯಂಕಣ್ಣ, ನಮ್ಮೂರ ಮಾಲಿಗೆ ಇಷ್ಟು ಬೆಲೆಯೇ ಎಂದು ಎರಡು ಕ್ಯಾನು ತುಂಬಿಕೊಂಡು ಬಸ್ಸು ಹತ್ತಿ ಬಂದು ಮಲ್ಲಾಬಾಯಿಯ ಎದುರಿಗೇ ಕೂತ. ಮಹಾದೇವಪ್ಪ ರುಚಿ ನೋಡಿದವನೇ ಉಗುಳಿದ.

"ಯಾರಿಗೆ ಟೋಪಿ ಹಾಕ್ತೀಲೇ? ಇದು ಗುರುಮಠಕಲ್ದಾ?"

ಯಂಕಣ್ಣ ಬಸ್ಸಿನ ಟಿಕೀಟು ತೋರಿಸಿದ. "ಮುಂಜಾನಿ ನಾನೇ ಇಳಿಸೀನ್ರಿ."

"ಟಿಕೀಟ್ ಸುಳ್ಳು ಹೇಳ್ತೈತಿ, ನನ್ನ ನಾಲಿಗಿ ಹೇಳೂದಿಲ್ಲ."

ಸಂಜೆತನಕ ಒಂದು ಬಾಟಲಿಯೂ ಹೋಗಲಿಲ್ಲ. ಬಿಸಿಲಿಗೆ ಹುಳಿತ ಸೇಂದಿಯನ್ನು ಅವನು ನೆಲಕ್ಕೆ ಚೆಲ್ಲುವುದನ್ನು ಕಂಡು ಮಲ್ಲಾಬಾಯಿ, ಎಲ್ಲರೆದುರು ನಿಜ ಹೇಳಿಬಿಡಲೇ ಎಂದುಕೊಂಡಳು. ಹೇಳಿದರೆ ನಂಬುವವರಾರು? ಮಹಾದೇವಪ್ಪ ಅವಳಿಗೇ ಮಣ್ಣಿನ ಪಾಠ ಹೇಳಿಯಾನು.

"ಯಣ್ಣಾ, ಚಾ ಕುಡಿ ಬಾ," ಎಂದು ಕರೆದು, ಅವನೊಬ್ಬನೆದುರು ನಿಜ ಒಪ್ಪಿಕೊಂಡಳು.

"ನಮ್ಮೂರ ಹೆಸರು ಕದ್ದಿಯಲ್ಲಬೇ!"

"ಹೌದು, ಕದ್ದೀನಿ. ಖರೇ ಮಾಲು ತಂದು ನೀ ಏನ್ ಮಾರಿದಿ? ಮಾಲು ನಂದು, ಊರು ನಿಂದು. ಬಂದದ್ರಾಗ ಅರ್ಧರ್ಧ."

ಯಂಕಣ್ಣ ಖಾಲಿ ಕ್ಯಾನುಗಳನ್ನು ನೋಡಿದ. ಒಪ್ಪಿದ.

ಮರುದಿನ ಅವನು ಹಳ್ಳದ ಸೇಂದಿಯ ಪಕ್ಕ ಕೂತು "ರಾ ಅನ್ನಾ, ಕೂರ್ಚೋ" ಎಂದು ತನ್ನ ಗಡಿಯೂರಿನ ತೆಲುಗಿನಲ್ಲಿ ಗಿರಾಕಿಗಳನ್ನು ಕರೆದು ಕೂರಿಸಿದ. ಅಷ್ಟಕ್ಕೇ ದರ ಮೂರು ರೂಪಾಯಿಗೆ ಏರಿತು. ಮಹಾದೇವಪ್ಪ ಬಂದಾಗ ಮಲ್ಲಾಬಾಯಿ ತಾನೇ ಬಾಟಲಿ ತುಂಬಿ ಕೊಟ್ಟಳು. ಅವನು ಗುಟುಕರಿಸಿ, ಯಂಕಣ್ಣನ ಬೆನ್ನು ತಟ್ಟಿದ.

"ಈಗ ದಾರಿಗೆ ಬಂದಿ ನೋಡು. ನಿನ್ನೆ ಎಲ್ಲಿದೋ ಹೊಲಸು ತಂದಿದ್ದಿ!"

ಯಂಕಣ್ಣ ಕೈಮುಗಿದ. ಕಾಲುವೆಗೆ ನೀರು ಬಿಡುವವರೆಗೂ ಮೂರು ವರ್ಷ ಅಲ್ಲೇ ಕೂತ. ಊರಲ್ಲಿ ಅವನ ಮರಗಳನ್ನು ಏರುವವರೇ ಇರಲಿಲ್ಲ.