ನಾವು ಅಂದರೆ ಯಾರು

ನನ್ನದು ಬ್ಯಾಗು ರಿಪೇರಿ ಅಂಗಡಿ. ಒಂದು ಹೊಲಿಗೆ ಯಂತ್ರ, ಒಂದು ಮೇಜು, ಗೋಡೆಯ ತುಂಬ ಜಿಪ್ಪುಗಳು, ಮತ್ತೆ ನಾನು. ಅಂಗಡಿಯ ಆನ್‌ಲೈನ್ ಪುಟಕ್ಕೆ ಫೋನಿನಲ್ಲಿ ಬರೆಯುವಾಗ ಮಾತ್ರ ನಾನು ಬಹುವಚನ. 'ನಮ್ಮ ತಂಡ ನಿಮ್ಮ ಸೇವೆಗೆ ಸದಾ ಸಿದ್ಧ.' ತಂಡ ಅಂದರೆ ನನ್ನ ಎಡಗೈ ಮತ್ತು ಬಲಗೈ. ಈಚೆಗೆ ಅವೆರಡರ ನಡುವೆಯೂ ಅಷ್ಟಕ್ಕಷ್ಟೇ.

ದಿನಕ್ಕೊಂದು ಬರಹ, ಒಂದು ವಿಡಿಯೊ ಹಾಕಲೇಬೇಕು, ಒಂದು ದಿನ ತಪ್ಪಿದರೂ ಜನ ಮರೆತುಬಿಡುತ್ತಾರೆ ಅಂತ ಯಾರೋ ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿತ್ತು. ಮೊದಮೊದಲು ಹುರುಪು. ಆಮೇಲೆ, ಜಿಪ್ಪಿನ ಬಗ್ಗೆ ಎಷ್ಟು ಅಂತ ಕೊರೆಯುವುದು? ಜ್ವರ ಬಂದಾಗಲೂ ತುಟಿಗೆ ಬಣ್ಣ ಬಳಿದುಕೊಂಡು ಕ್ಯಾಮೆರಾ ಮುಂದೆ ಹಲ್ಲು ಕಿರಿದಿದ್ದೇನೆ. ಊಟಕ್ಕೆ ಕೂತರೂ ನಾಳೆ ಏನು ಬರೆಯಲಿ ಅನ್ನುವುದೇ ಚಿಂತೆ. ಹೊಲಿಗೆ ಹಿಂದೆ ಬಿತ್ತು. ಬ್ಯಾಗುಗಳು ಮೂಲೆಯಲ್ಲಿ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದವು, ನಾನು ಅವುಗಳ ಫೋಟೊ ತೆಗೆಯುತ್ತಿದ್ದೆ.

ಮೊನ್ನೆ ಮಧ್ಯಾಹ್ನ ಗಿರಾಕಿಗಳ ಸಂದೇಶಗಳಿಗೆ ಒಂದಾದ ಮೇಲೊಂದು ಸಿದ್ಧ ಉತ್ತರ ಒತ್ತುತ್ತಾ ಕೂತಿದ್ದೆ. ನಡುವೆ ಒಂದು 'ಹೇಗಿದ್ದೀಯೇ?' ಇತ್ತು. ಕಣ್ಣು ಓದಲೇ ಇಲ್ಲ, ಬೆರಳು ಒತ್ತಿಬಿಟ್ಟಿತು: 'ನಿಮ್ಮ ಸಂದೇಶಕ್ಕೆ ಧನ್ಯವಾದಗಳು. ನಾವು ಶೀಘ್ರದಲ್ಲೇ ನಿಮ್ಮನ್ನು ಸಂಪರ್ಕಿಸುತ್ತೇವೆ.'

ತಕ್ಷಣ ಫೋನು ಬಡಿದುಕೊಂಡಿತು. ಅಕ್ಕ. ಅವಳಿರುವುದು ಒಂದು ಹಗಲು, ಒಂದು ರಾತ್ರಿಯ ರೈಲಿನಷ್ಟು ದೂರ. ನನ್ನವರು ಅಂತ ಉಳಿದಿರುವುದು ಅವಳೊಬ್ಬಳೇ.

"ನಾವು ಅಂದ್ರೆ ಯಾರೇ? ನನಗೂ ಹೇಳದೆ ಮದುವೆ ಗಿದುವೆ ಮಾಡ್ಕೊಂಡ್ಯಾ?"

ನಗು ಬಂತು. ನಗುತ್ತಲೇ ಇದ್ದೆ, ಅದು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ.

"ಯಾರೂ ಇಲ್ಲ ಅಕ್ಕ. ನಾನೊಬ್ಬಳೇ. ಸಾಕಾಗಿಹೋಗಿದೆ."

ಅವಳು ತಮಾಷೆ ಬಿಟ್ಟಳು.

"ನೀನು ಬರೆಯೋದನ್ನ ದಿನಾ ಓದ್ತೀನಿ ಪುಟ್ಟಿ, ನೀನು ಹೇಗಿದ್ದೀಯೋ ಗೊತ್ತಾಗುತ್ತೇನೋ ಅಂತ. ಎಷ್ಟು ಹುಡುಕಿದ್ರೂ ಅದರಲ್ಲಿ ನೀನು ಸಿಗಲ್ಲ."

ಫೋನಿಟ್ಟ ಮೇಲೆ ಅಂಗಡಿ ಬಿಕೋ ಅನ್ನುತ್ತಿತ್ತು. ದಿನಾ ಹಾಗೇ ಇತ್ತೋ ಏನೋ, ಗಮನಿಸಲು ನನಗೆ ಪುರುಸೊತ್ತಿರಲಿಲ್ಲ. 'ನಾವು' ಅಂತ ಟೈಪ್ ಮಾಡಿದೆ. ಅಳಿಸಿದೆ. ಆಮೇಲೆ ಬರೆದೆ: 'ಇಲ್ಲಿ ಕೆಲಸ ಮಾಡುವುದು ನಾನೊಬ್ಬಳೇ. ದಣಿದಿದ್ದೇನೆ. ಇನ್ನು ವಾರಕ್ಕೊಂದೇ ಸಲ ಬರೆಯುತ್ತೇನೆ, ಆ ವಾರ ಹೊಲಿದ ಒಂದು ಬ್ಯಾಗಿನ ಬಗ್ಗೆ. ಉಳಿದ ದಿನ ಹೊಲಿಯುತ್ತಿರುತ್ತೇನೆ.' ಪುಟಕ್ಕೆ ಹಾಕಿದೆ. ಇದ್ದಬದ್ದ ಗಿರಾಕಿಗಳೂ ಕೈಬಿಟ್ಟರೆ ಅಂತ ಭಯ.

ಫೋನನ್ನು ಡ್ರಾಯರಿನಲ್ಲಿಟ್ಟು ಒಂದು ಶಾಲೆಯ ಬ್ಯಾಗಿಗೆ ಜಿಪ್ಪು ಹಾಕಿದೆ. ಸಂಜೆ ಬಾಗಿಲು ಹಾಕುವ ಮುಂಚೆ ತೆಗೆದು ನೋಡಿದೆ. ಅಷ್ಟು ಜನರಲ್ಲಿ ಒಬ್ಬರೇ ಒಬ್ಬರು ಉತ್ತರ ಬರೆದಿದ್ದರು.

'ಅಂತೂ ನೀನು ಸಿಕ್ಕಿದ್ಯಲ್ಲೇ, ಪುಟ್ಟಿ.'