ಶಿದ್ರಾಮನ ಗೇಣು

ಬೆಳಿಗ್ಗೆ ಏಳು ಗಂಟೆಗೆ, ಬಿತ್ತನೆಯ ಎರಡನೆಯ ಸುತ್ತು ಮುಗಿದಾಗ, ಹೊಸ ಕೂರಿಗೆಯ ಅಳತೆ ತಪ್ಪಿದ್ದು ಗೊತ್ತಾಯಿತು. 1956ರ ಅಕ್ಟೋಬರ್ ತಿಂಗಳು. ಮಮದಾಪುರದ ಮೂರು ಎಕರೆ ಎರೆ ಹೊಲ.

ಹೆಸರು ಬೆಳೆ ಕಿತ್ತ ಆ ಹೊಲಕ್ಕೆ ರೆಂಟೆ ಹೊಡೆದು ಉಳದೆ, ಹರಗದೆ, ನೇರ ಜೋಳ ಬಿತ್ತುವುದು ಶೆಟ್ಟೆವ್ವನ ನಿರ್ಧಾರ. ಮಣ್ಣು ತಿರುವಿದರೆ ಉಳಿದ ಹಸಿಯೂ ಆರಿಹೋಗುತ್ತದೆ ಎಂದು ಅವಳು ಹೇಳುತ್ತಿದ್ದಳು. ಗಂಡ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಹೊಲ ನೋಡುವವರು ಅವಳು ಮತ್ತು ಮೈದುನ ಅಲ್ಲಪ್ಪ. ಜೋಳ ಹುಟ್ಟದಿದ್ದರೆ ಮುಂದಿನ ವರ್ಷದಿಂದ ಬಿತ್ತಿಗೆಯ ಮಾತು ತನ್ನದು ಎಂದು ಅಲ್ಲಪ್ಪ ಮೊದಲೇ ಹೇಳಿದ್ದ. ಅವಳು ಒಪ್ಪಿದ್ದಳು.

ಕೂರಿಗೆ ಆರಿಸಿದವಳೂ ಅವಳೇ. ಸಾಲು ಕೊರೆಯುವ ತಾಳು ನಾಲ್ಕಿದ್ದರೆ ಕೂರಿಗೆ ಗಟ್ಟಿ ನೆಲದಲ್ಲಿ ಮೇಲೆದ್ದು ಬರುತ್ತದೆಂದು ಬಿಟ್ಟು, ಜಾಲಿ ಮರದ ಭಾರವಾದ ಮೂರು ತಾಳಿನದನ್ನು ಬಡಿಗ ಶಿದ್ರಾಮನಿಂದ ಮಾಡಿಸಿದ್ದಳು. ಸಾಲಿನಿಂದ ಸಾಲಿಗೆ ಎರಡು ಗೇಣು ಎಂದಷ್ಟೇ ಹೇಳಿದ್ದಳು. ಸಾಲುಗಳ ನಡುವೆ ಕಳೆ ತೆಗೆಯುವ ಮನೆಯ ಎಡೆಕುಂಟೆಯೂ ಎರಡು ಗೇಣಿನ ಸಾಲಿಗೆ ಮಾಡಿದ್ದೇ. ಅದನ್ನು ಮಾಡಿದ್ದು ಶಿದ್ರಾಮನ ಅಪ್ಪ.

ಸುತ್ತು ತಿರುಗುವಾಗಲೆಲ್ಲ ಅವಳು ಬೀಜ ಇಳಿಯುವ ಬಿದಿರಿನ ಕೊಳವೆಗೆ ಕಡ್ಡಿ ಹಾಕಿ ಮಣ್ಣು ತೆಗೆಯುತ್ತಿದ್ದಳು. ಸಾಲು ಒತ್ತೊತ್ತಾಗಿ ಕಂಡದ್ದು ಆಗಲೇ. ಅಲ್ಲಪ್ಪ ಕುಂಟೆ ತಂದು ಇಟ್ಟು ನೋಡಿದ. ಅದರ ಅಲಗು ಎರಡೂ ಕಡೆ ಬಿತ್ತಿದ ಸಾಲಿನ ಮೇಲೇ ಕೂತಿತು. ಶಿದ್ರಾಮನಿಗೆ ಹೇಳಿ ಕಳಿಸಿದರು.

ಶಿದ್ರಾಮ ಕೂತು ಗೇಣು ಹಾಕಿದ. "ಬರೋಬ್ಬರಿ ಎರಡ ಗೇಣ ಐತಲ್ರಿ, ಅವ್ವಾರ."

"ಅದು ನಿನ್ನ ಗೇಣ," ಎಂದ ಅಲ್ಲಪ್ಪ. "ನಿಮ್ಮಪ್ಪನ ಕೈ ಮೊರದಂಗ ಅಗಲ ಇತ್ತು. ನಿಂದು ಬಳಿ ಇಡೂ ಕೈ."

"ಅಪ್ಪ ಉಳಿ ಕೊಟ್ಟ ಹ್ವಾದ, ಕೈ ಕೊಡಲಿಲ್ಲರಿ. ತಾಳ ಸಿಗಸೂ ದಿಂಡಿಗೆ ಹೊಸಾ ತೂತ ಹಾಕಾಕ ನಾಳಿ ಸಂಜಿ ಆಕ್ಕೈತಿ."

"ನಾಳಿ ಸಂಜಿಗೆ ಹಸಿ ಎಲ್ಲಿರತೈತಿ? ಎತ್ತ ಬಿಡ್ತೀನಿ, ವೈನಿ. ರಂಟಿ ಹೊಡದು ಮಳಿ ಹಾದಿ ನೋಡೂಣು."

ಶೆಟ್ಟೆವ್ವ ಉಡಿಯ ಜೋಳ ಕೆಳಗಿಳಿಸಲಿಲ್ಲ. "ಎಡಿ ಹೊಡಿಯೂದು ಯಾವಾಗ?"

"ಇಪ್ಪತ್ತ ದಿನಾ ಆದ ಮ್ಯಾಲ."

"ಹಂಗಾರ ಕೂರಿಗಿ ಯಾಕ ಕೆಡಸ್ತಿ? ಕುಂಟಿ ಸಣ್ಣದ ಮಾಡಸೂಣು. ಶಿದ್ರಾಮ, ಅದನ್ನ ಒಯ್ಯಿ. ನಿನ್ನ ಕೈ ಅಳತಿ ಇರಲಿ. ಅಲಗು ಕಮ್ಮಾರ ಕಡೀತಾನ."

"ಜ್ವಾಳ ಒತ್ತಾಕ್ಕೈತಿ, ವೈನಿ."

"ಕಾಳ ತೆಳ್ಳಗ ಬಿಡ್ತೀನಿ. ಬಿಡೂ ಕೈ ನಂದೈತಿ. ನೀ ಎತ್ತ ಹೊಡಿ."

ಹೊತ್ತು ಮುಳುಗುವುದರೊಳಗೆ ಮೂರೂ ಎಕರೆ ಮುಗಿಯಿತು. ಆರನೆಯ ದಿನ ಜೋಳ ಮೊಳೆಯಿತು; ಬದುವಿನ ಪಕ್ಕದ ನಾಲ್ಕು ಸಾಲು ಮಾತ್ರ ಹುಟ್ಟಲಿಲ್ಲ. ಇಪ್ಪತ್ತೆರಡನೆಯ ದಿನ ಅಲ್ಲಪ್ಪ ಕಡಿಸಿದ ಕುಂಟೆಯಿಂದ ಎಡೆ ಹೊಡೆದ. ಮರುವರ್ಷ ಹೆಸರು ಕಿತ್ತ ಮೇಲೆ ಅವನು ರೆಂಟೆ ಹೊರಗೆ ತೆಗೆಯಲಿಲ್ಲ.