ರೊಟ್ಟಿಯ ಪೆಟ್ಟಿಗೆ

ಇಬ್ರಾಹಿಂಪುರದ ಬಡಿಗೇರ ಅಮೋಘಿಯ ಮಟ್ಟಿಗೆ ಆ ವರ್ಷ ಲೋಕ ತೀರ್ಮಾನಿಸಬೇಕಾಗಿದ್ದ ಗಹನ ಪ್ರಶ್ನೆ ಯುದ್ಧದಲ್ಲಿ ಜಪಾನಿನವರು ಎಲ್ಲಿಯವರೆಗೆ ಬಂದರು ಎಂಬುದಲ್ಲ. ತಿಕೋಟಾದ ತಂಗಿಯ ಮನೆಯಲ್ಲಿ ಒಣಗಿಸಿಟ್ಟ ಕಟಕ ರೊಟ್ಟಿಗೆ ಕಟ್ಟಿಗೆಯ ವಾಸನೆ ಹತ್ತಿದೆಯೋ ಇಲ್ಲವೋ ಎಂಬುದು. ಅದಕ್ಕೆಂದೇ ಅವನು ತಂಗಿಯ ಅತ್ತೆ ಕಾಳವ್ವನ ಎದುರು ಕುಳಿತು ಎರಡನೆಯ ರೊಟ್ಟಿ ಮುರಿಯುತ್ತಿದ್ದ.

ಬಂದದ್ದು ತಂಗಿ ಅಕ್ಕನಾಗಮ್ಮನನ್ನು ಪಂಚಮಿಗೆ ತವರಿಗೆ ಕರೆಯಲು. ಮಾತು ಹೋಗಿ ಪೆಟ್ಟಿಗೆಯ ಮೇಲೆ ನಿಂತಿತ್ತು. ರೊಟ್ಟಿಗೆ ಹುಳ ಹತ್ತದಿರಲೆಂದು ಅವನೇ ಮಾಡಿಕೊಟ್ಟ ಗಂಧಗರಿಗೆಯ ಪೆಟ್ಟಿಗೆ. ಕೆಂಪು ಮರ, ಕೈಗೆ ಹಗುರ, ರಂದಾ ಹಾಕಿ ಹೆರೆದರೆ ಬೆಣ್ಣೆಯಂತೆ ಬರುತ್ತದೆ. ಅದರ ಘಮಕ್ಕೆ ನುಸಿ ಹತ್ತಿರ ಸುಳಿಯುವುದಿಲ್ಲ. ಇಪ್ಪತ್ತು ವರ್ಷ ವಕೀಲರ ಶಾಲುಗಳಿಗೆ ಅದೇ ಮರದ ಪೆಟ್ಟಿಗೆ ಮಾಡಿಕೊಟ್ಟವನು. ಶಾಲನ್ನು ಯಾರೂ ತಿನ್ನುವುದಿಲ್ಲ ಎಂಬುದು ಅವನಿಗೆ ಹೊಳೆದಿರಲಿಲ್ಲ.

"ಪೆಟಗಿ ಭಾಳ ಚಲೋ ಐತಿ ಅಣ್ಣಾ," ಎಂದಳು ಅಕ್ಕನಾಗಮ್ಮ. "ಅರಿವಿ ಇಡಾಕ ಇಟ್ಕೋತೇನಿ. ರೊಟ್ಟಿ ಅಷ್ಟ ಬ್ಯಾಡ."

ಅಮೋಘಿ ರೊಟ್ಟಿಯನ್ನು ಮೂಗಿಗೆ ಹಿಡಿದ, ಅಗಿದ, ವಾಸನೆ ಗೀಸನೆ ಏನೂ ಇಲ್ಲವೆಂದ.

"ಬಡಿಗ್ಯಾರ, ಮೂಗು ಮನ್ಯಾಗ ಬಿಟ್ಟು ಬಂದೀರೇನ್ರಿ?" ಎಂದಳು ಕಾಳವ್ವ.

ನಕ್ಕು ಬಿಡಬಹುದಾದ ಮಾತು. ಆದರೆ ತಂಗಿಯೂ ಸೆರಗಿನ ಮರೆಯಲ್ಲಿ ನಕ್ಕದ್ದು ಅವನ ಕಣ್ಣಿಗೆ ಬಿತ್ತು.

"ತವರಿನ ಕಟಗಿ ನಾರತೈತಿ ಅಂದಮ್ಯಾಲ ತವರೂ ನಾರತಿರಬೇಕು. ಬರಬ್ಯಾಡ ಬಿಡು," ಎಂದವನೇ ರೊಟ್ಟಿಗಳನ್ನೆಲ್ಲ ನೆಲದ ಮೇಲೆ ಸುರಿದು, ಕೊಟ್ಟ ಪೆಟ್ಟಿಗೆಯನ್ನು ತಾನೇ ಹೆಗಲಿಗೇರಿಸಿಕೊಂಡು ಹೊರಟ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು.

ಮನೆಯಲ್ಲಿ ಒಲೆಯ ಮುಂದೆ ಕುಳಿತು ಹೆಂಡತಿ ರೇಣುಕವ್ವನಿಗೆ ಈ ಪರಾಕ್ರಮವನ್ನು ಕೂಗಿ ಹೇಳುತ್ತಿದ್ದಾಗ ಅವಳು ಹಿತ್ತಲಿನಿಂದ ಓಡಿಬಂದಳು. ಹಾಲು ಹೊತ್ತಿ ತಳ ಕರ‍್ರಗಾಗಿತ್ತು. ಇಷ್ಟು ಕಮರು ವಾಸನೆ ಹೊಡೆಯುತ್ತಿದ್ದರೂ ಮಾರು ದೂರದಲ್ಲಿದ್ದವನಿಗೆ ತಿಳಿಯಲಿಲ್ಲವೇ ಎಂದಳು. ತಿಳಿದಿರಲಿಲ್ಲ. ಅವಳು ಇಂಗಿನ ಡಬ್ಬಿ ತಂದು ಮೂಗಿಗೆ ಹಿಡಿದಳು, ಏನೂ ಬಡಿಯಲಿಲ್ಲ. ಕೊನೆಗೆ ಒಂದು ಹಿಡಿ ಗಂಧಗರಿಗೆಯ ಹೊಟ್ಟನ್ನೇ ಹಿಡಿದಳು. ಇಪ್ಪತ್ತು ವರ್ಷ ಅದೇ ಹುಡಿ ಉಸಿರಾಡಿದ ಮೂಗು, ಯಾರಿಗೂ ಹೇಳದೆ, ಎಂದೋ ಅಂಗಡಿ ಮುಚ್ಚಿತ್ತು.

ಮರುದಿನ ಅಮೋಘಿ ಪೆಟ್ಟಿಗೆಯೊಂದಿಗೆ ಮತ್ತೆ ತಿಕೋಟಾಕ್ಕೆ ಹೋದ. ಅಕ್ಕನಾಗಮ್ಮ ನೀರು ಕೊಟ್ಟಳು, ಚಹಾ ಕೊಟ್ಟಳು, ಇಂಗಿನಿಂದ ಹಿಡಿದು ಹೊಟ್ಟಿನವರೆಗೆ ಅವನು ಹೇಳಿದ್ದೆಲ್ಲವನ್ನೂ ಕೇಳಿಸಿಕೊಂಡಳು. ಹುಟ್ಟಿದಾಗಿನಿಂದ ಅಣ್ಣನನ್ನು ಏಕವಚನದಲ್ಲೇ ಕರೆದವಳು.

"ಮೂಗಿನ ಮಾತು ಬಿಡ್ರಿ," ಎಂದಳು. "ಬಾಯಿ ನಿಮ್ಮದ ಇತ್ತಲ್ರಿ."

ಪೆಟ್ಟಿಗೆ ಅವಳ ಮನೆಯ ಕಟ್ಟೆಯ ಮೇಲೆ ಉಳಿಯಿತು. ಅಕ್ಕನಾಗಮ್ಮ ಪಂಚಮಿಗೆ ಬರಲಿಲ್ಲ. ಮರುವರ್ಷವೂ ಬರಲಿಲ್ಲ.